ಅಂಕೋರ್ ಪಾಸ್: ಎಷ್ಟು ದಿನದ್ದು ಕೊಳ್ಳಬೇಕು, ಹೇಗೆ ಬಳಸಬೇಕು

ಕಾಂಬೋಡಿಯಾದ ಸೀಯೆಮ್ ರೀಪ್ ಪಟ್ಟಣ. ಅಂಕೋರ್‌ನ ಹಳೆಯ ದೇವಸ್ಥಾನಗಳನ್ನು ನೋಡಲು ಬರುವವರು ಉಳಿಯುವ ಊರು. ಅಂಕೋರ್ ಟಿಕೆಟ್ ಕಚೇರಿಯಲ್ಲಿ ನಿಮ್ಮ ಸರದಿ ಬಂದಾಗ ಕೇಳುವುದು ಒಂದೇ ಪ್ರಶ್ನೆ. ಎಷ್ಟು ದಿನದ ಪಾಸ್? ಒಂದು, ಮೂರು, ಏಳು. ಇವುಗಳಲ್ಲಿ ಒಂದನ್ನು ಹೇಳಬೇಕು.

ನಾನು ಮೊದಲ ಸಲ ಹೋದಾಗ "ಒಂದು" ಅಂದೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹೊರಟವನು ಮಧ್ಯಾಹ್ನದ ಹೊತ್ತಿಗೆ ನಾಲ್ಕನೇ ದೇವಸ್ಥಾನದ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕಾಲು ಸೋತಿತ್ತು. ಕಣ್ಣೆದುರು ಕೆತ್ತನೆ ಇತ್ತು, ಮನಸ್ಸಿಗೆ ಏನೂ ಇಳಿಯುತ್ತಿರಲಿಲ್ಲ. ದೂರದಲ್ಲಿರುವ ಬಂತೆಯ್ ಸ್ರೇ ಅನ್ನುವ ಪುಟ್ಟ ಗುಡಿಯನ್ನು ನೋಡದೆಯೇ ವಾಪಸ್ ಬಂದೆ, ಆ ಬೇಜಾರು ತುಂಬ ದಿನ ಉಳಿಯಿತು. ಎರಡನೇ ಸಲ ಮೂರು ದಿನದ ಪಾಸ್ ತಗೊಂಡೆ. ನಡುವೆ ಬಿಡುವು ಕೊಟ್ಟು, ನಿಧಾನವಾಗಿ ನೋಡಿದೆ. ಆಗ ಗೊತ್ತಾಗಿದ್ದು ಏನಂದರೆ, ಈ ಪಾಸ್‌ನ ನಿಜವಾದ ಬೆಲೆ ಇರುವುದು ಅದರ ಬಿಡುವಿನ ದಿನಗಳಲ್ಲಿ. ಅದನ್ನು ಹೇಗೆ ಬಳಸಿಕೊಳ್ಳಬೇಕು ಅನ್ನುವುದನ್ನು ಹಂತ ಹಂತವಾಗಿ ಹೇಳುತ್ತೇನೆ.

ಪಾಸ್ ಯಾಕೆ ಬೇಕು

"ಅಂಕೋರ್" ಅನ್ನುವ ಖ್ಮೇರ್ (ಕಾಂಬೋಡಿಯಾದ ಭಾಷೆ) ಮಾತು ಸಂಸ್ಕೃತದ "ನಗರ"ದಿಂದಲೇ ಬಂದದ್ದು. "ವಾಟ್" ಅಂದರೆ ದೇವಾಲಯ. ಅಂಕೋರ್ ವಾಟ್ ಅಂದರೆ ನಗರದ ದೇವಾಲಯ. ತುಂಬ ಜನ ಅದೊಂದನ್ನೇ ನೋಡಿ ಬರೋಣ ಅಂತ ಹೊರಡುತ್ತಾರೆ. ಆದರೆ ಇದು 9ನೇ ಶತಮಾನದಿಂದ 15ನೇ ಶತಮಾನದವರೆಗೆ ಖ್ಮೇರ್ ಅರಸರು ಆಳಿದ ರಾಜಧಾನಿಗಳ ಪ್ರದೇಶ. ಸುಮಾರು 400 ಚದರ ಕಿಲೋಮೀಟರ್ ಹರಡಿಕೊಂಡಿದೆ. 1992ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಒಂದೊಂದು ದೇವಸ್ಥಾನಕ್ಕೂ ಒಂದೊಂದು ಟಿಕೆಟ್ ಇಲ್ಲ. ಇಡೀ ಪ್ರದೇಶಕ್ಕೆ ಒಂದೇ ಪಾಸ್. ಅದಿಲ್ಲದೆ ವಿದೇಶಿಯರಿಗೆ ಅಂಕೋರ್ ವಾಟ್‌ನೊಳಗೂ ಪ್ರವೇಶವಿಲ್ಲ.

ಹಾಗಾಗಿ "ಪಾಸ್ ತಗೋಬೇಕಾ ಬೇಡವಾ" ಅನ್ನುವ ಪ್ರಶ್ನೆಯೇ ಇಲ್ಲಿ ಬರುವುದಿಲ್ಲ. ಎಷ್ಟು ದಿನದ್ದು ಅನ್ನುವುದಷ್ಟೇ ಪ್ರಶ್ನೆ.

ಹಂತ 1: ದುಡ್ಡಿನ ಲೆಕ್ಕ

2017ರ ಫೆಬ್ರುವರಿಯಲ್ಲಿ ಬಂದ ದರ ಹೀಗಿದೆ. ಒಂದು ದಿನಕ್ಕೆ 37 ಡಾಲರ್. ಮೂರು ದಿನಕ್ಕೆ 62. ಏಳು ದಿನಕ್ಕೆ 72. ಹೊರಡುವ ಮುಂಚೆ ಅಧಿಕೃತ ವೆಬ್‌ಸೈಟ್‌ನಲ್ಲಿ ಒಮ್ಮೆ ಖಚಿತ ಮಾಡಿಕೊಳ್ಳಿ.

ಈಗ ಭಾಗಿಸಿ ನೋಡಿ. ಒಂದು ದಿನದ ಪಾಸ್‌ನಲ್ಲಿ ದಿನಕ್ಕೆ 37. ಮೂರು ದಿನದ್ದರಲ್ಲಿ ದಿನಕ್ಕೆ 21ಕ್ಕಿಂತ ಸ್ವಲ್ಪ ಕಡಿಮೆ. ಏಳು ದಿನದ್ದರಲ್ಲಿ ಹತ್ತು ಡಾಲರ್ ಚಿಲ್ಲರೆ. ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ. "ಇವತ್ತು ಒಂದು ದಿನದ್ದು ತಗೋತೀನಿ, ಇಷ್ಟವಾದರೆ ನಾಳೆ ಇನ್ನೊಂದು ತಗೊಂಡರಾಯಿತು" ಅಂತ ಯೋಚಿಸುವವರು ಬಹಳ. ಎರಡು ಸಲ ಒಂದೊಂದು ದಿನದ್ದು ಕೊಂಡರೆ 74 ಡಾಲರ್ ಆಗುತ್ತದೆ. ಏಳು ದಿನದ ಪಾಸ್‌ಗಿಂತಲೂ ಜಾಸ್ತಿ! ಕೊಂಡ ಪಾಸ್ ವಾಪಸ್ ಕೊಟ್ಟರೆ ದುಡ್ಡು ಬರುವುದಿಲ್ಲ. ಆದ್ದರಿಂದ ಕೌಂಟರ್‌ಗೆ ಹೋಗುವ ಮುಂಚೆಯೇ ತೀರ್ಮಾನ ಆಗಿರಲಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸೀಯೆಮ್ ರೀಪ್‌ನಲ್ಲಿ ಮೂರು ರಾತ್ರಿ ಅಥವಾ ಅದಕ್ಕಿಂತ ಜಾಸ್ತಿ ಇರುವವರು ಮೂರು ದಿನದ್ದನ್ನೇ ತಗೊಳ್ಳಿ. ನಿಜವಾಗಲೂ ಒಂದೇ ಹಗಲು ಇದೆ, ಮರುದಿನ ಹೊರಡಲೇಬೇಕು ಅನ್ನುವವರಿಗೆ ಮಾತ್ರ ಒಂದು ದಿನದ್ದು. ಕೆತ್ತನೆ, ಶಾಸನ, ಚಿತ್ರ ಬಿಡಿಸುವುದು, ಫೋಟೋ ಇವುಗಳ ಹುಚ್ಚು ಇರುವವರು, ವಾರಗಟ್ಟಲೆ ಉಳಿಯುವವರು ಹತ್ತು ಡಾಲರ್ ಜಾಸ್ತಿ ಕೊಟ್ಟು ಏಳು ದಿನದ್ದು ತಗೊಳ್ಳಬಹುದು.

ಪ್ರತಿ ಪಾಸ್‌ನಿಂದ 2 ಡಾಲರ್ ಕಾಂಬೋಡಿಯಾದ ಕಂಥಾ ಬೋಫಾ ಮಕ್ಕಳ ಆಸ್ಪತ್ರೆಗೆ ಹೋಗುತ್ತದೆ. ಅಲ್ಲಿ ಮಕ್ಕಳಿಗೆ ಉಚಿತವಾಗಿ ಚಿಕಿತ್ಸೆ ಕೊಡುತ್ತಾರೆ. ಕೊಟ್ಟ ದುಡ್ಡಿನಲ್ಲಿ ಒಂದಿಷ್ಟು ಅಲ್ಲಿಗೆ ಸೇರುತ್ತದೆ ಅಂತ ತಿಳಿದಾಗ ನನಗೆ ಖುಷಿಯಾಯಿತು.

ಹಂತ 2: ಅವಧಿಯ ನಿಯಮ ಅರ್ಥ ಮಾಡಿಕೊಳ್ಳಿ

ಬಹಳ ಜನ ಎಡವುವುದು ಇಲ್ಲೇ.

ಮೂರು ದಿನದ ಪಾಸ್ ಅಂದರೆ ಸತತ ಮೂರು ದಿನ ಅಂತ ಅಲ್ಲ. ಪಾಸ್ ಕೊಟ್ಟ ದಿನದಿಂದ ಹತ್ತು ದಿನದೊಳಗೆ ಯಾವುದಾದರೂ ಮೂರು ದಿನ ಬಳಸಬಹುದು. ಏಳು ದಿನದ ಪಾಸ್ ಒಂದು ತಿಂಗಳೊಳಗೆ ಯಾವುದಾದರೂ ಏಳು ದಿನಕ್ಕೆ ಸಲ್ಲುತ್ತದೆ. ಸೋಮವಾರ ಹೋಗಿ, ಮಂಗಳವಾರ ಬಿಟ್ಟು, ಬುಧವಾರ ಹೋಗಬಹುದು. ಬಿಟ್ಟ ದಿನ ಲೆಕ್ಕಕ್ಕೆ ಬರುವುದಿಲ್ಲ.

ಲೆಕ್ಕ ನಡೆಯುವುದು ಕ್ಯಾಲೆಂಡರ್ ದಿನದ ಮೇಲೆ. ಬೆಳಗ್ಗೆ ಐದಕ್ಕೆ ಹೋದರೂ ಒಂದು ದಿನ, ಸಂಜೆ ನಾಲ್ಕಕ್ಕೆ ಹೋದರೂ ಒಂದು ದಿನ. ಅದೇ ದಿನದಲ್ಲಿ ಎಷ್ಟು ಸಲ ಬೇಕಾದರೂ ಒಳಗೆ ಹೋಗಿ ಹೊರಗೆ ಬರಬಹುದು. ಹಾಗಾಗಿ ಸಂಜೆ ಒಂದು ಗಂಟೆಗೋಸ್ಕರ ಸುಮ್ನೆ ಒಂದು ದಿನ ಕಳೆದುಕೊಳ್ಳಬೇಡಿ. ಬೆಳಗ್ಗೆ ಹೋಗಿ, ಬಿಸಿಲಿನ ಹೊತ್ತಿಗೆ ಹೋಟೆಲ್‌ಗೆ ಬಂದು ಮಲಗಿ, ಸಂಜೆ ಮತ್ತೆ ಹೋಗಿ.

ಹಂತ 3: ಪಾಸ್ ಕೊಳ್ಳುವುದು

ಎರಡು ದಾರಿ ಇವೆ. ಮೊದಲನೆಯದು ಅಂಕೋರ್ ಎಂಟರ್‌ಪ್ರೈಸ್ ಅನ್ನುವ ಸರ್ಕಾರಿ ಸಂಸ್ಥೆಯ ವೆಬ್‌ಸೈಟ್. ನಿಮ್ಮ ಫೋಟೋ ಹಾಕಿ, ಕಾರ್ಡ್‌ನಲ್ಲಿ ದುಡ್ಡು ಕಟ್ಟಿದರೆ ಕ್ಯೂಆರ್ ಕೋಡ್ ಇರುವ ಪಾಸ್ ಬರುತ್ತದೆ. ಫೋನಿನಲ್ಲಿ ಇಟ್ಟುಕೊಳ್ಳುವುದರ ಜೊತೆಗೆ ಒಂದು ಕಾಗದದ ಪ್ರತಿಯನ್ನೂ ಇಟ್ಟುಕೊಳ್ಳಿ. ಬಿಸಿಲಿನಲ್ಲಿ ದಿನವಿಡೀ ಫೋಟೋ ತೆಗೆದರೆ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯುತ್ತದೆ.

ಎರಡನೆಯದು ಟಿಕೆಟ್ ಕಚೇರಿ. ಇದು ದೇವಸ್ಥಾನದ ಬಾಗಿಲಲ್ಲಿ ಇಲ್ಲ. ಪಟ್ಟಣದ ಮಧ್ಯಭಾಗದಿಂದ ಸುಮಾರು 4 ಕಿಲೋಮೀಟರ್ ದೂರದಲ್ಲಿ, ಬೇರೆಯೇ ಜಾಗದಲ್ಲಿ ಇದೆ. ಗೊತ್ತಿಲ್ಲದೆ ನೇರ ಅಂಕೋರ್ ವಾಟ್‌ಗೆ ಹೋದವರನ್ನು ತಪಾಸಣೆಯ ಜಾಗದಿಂದಲೇ ಹಿಂದಕ್ಕೆ ಕಳಿಸುತ್ತಾರೆ. ಸೂರ್ಯೋದಯ ನೋಡಲು ಹೊರಟವರಿಗೆ ಹೀಗಾದರೆ ಆ ಬೆಳಗ್ಗೆ ಹೋದಂತೆಯೇ. ಟುಕ್-ಟುಕ್ (ಅಲ್ಲಿನ ಆಟೋ) ಚಾಲಕನಿಗೆ "ಮೊದಲು ಟಿಕೆಟ್ ಆಫೀಸ್" ಅಂತ ಹೇಳಿಬಿಡಿ.

ಕೌಂಟರ್‌ನಲ್ಲಿ ನಿಮ್ಮನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಅದು ಪಾಸ್ ಮೇಲೆ ಅಚ್ಚಾಗುತ್ತದೆ. ಪ್ರತಿಯೊಬ್ಬರೂ ಖುದ್ದಾಗಿ ಬರಬೇಕು, ಒಬ್ಬರೇ ಹೋಗಿ ಇಡೀ ಮನೆಯವರಿಗೆ ತರಲಾಗುವುದಿಲ್ಲ. ಕಾರ್ಡ್ ನಡೆಯುತ್ತದೆ, ನಗದು ಡಾಲರ್ ಕೂಡ ನಡೆಯುತ್ತದೆ. ಆದರೆ ಡಾಲರ್ ನೋಟು ಹೊಸದಾಗಿರಬೇಕು. ಚೂರು ಹರಿದಿದ್ದರೂ, ಗೀಚಿದ್ದರೂ ಕಾಂಬೋಡಿಯಾದಲ್ಲಿ ಯಾರೂ ಮುಟ್ಟುವುದಿಲ್ಲ. ಇದನ್ನು ಊರು ಬಿಡುವ ಮುಂಚೆಯೇ ನೋಡಿಕೊಳ್ಳಿ. ಚಿಲ್ಲರೆಗೆ ಸ್ಥಳೀಯ ರಿಯೆಲ್ ಕೊಡುತ್ತಾರೆ. ಒಂದು ಡಾಲರ್‌ಗೆ ಸುಮಾರು 4,000 ರಿಯೆಲ್ ಅಂತ ಲೆಕ್ಕ ಇಟ್ಟುಕೊಂಡರೆ ಸಾಕು.

ಬೇರೆಯವರು ಬಳಸಿ ಉಳಿದ ಪಾಸ್ ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ಬೇಡ ಅನ್ನಿ. ಫೋಟೋ ಹೊಂದದಿದ್ದರೆ ಬಾಗಿಲಲ್ಲೇ ಸಿಕ್ಕಿಬೀಳುತ್ತೀರಿ.

12 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಪಾಸ್ ಬೇಕಿಲ್ಲ. ವಯಸ್ಸಿಗೆ ಆಧಾರವಾಗಿ ಪಾಸ್‌ಪೋರ್ಟ್ ತೋರಿಸಬೇಕು. ಹತ್ತು, ಹನ್ನೊಂದರ ಎತ್ತರದ ಮಕ್ಕಳಿದ್ದರೆ ಇದನ್ನು ಮರೆಯಲೇಬೇಡಿ.

ಹಂತ 4: ಹಿಂದಿನ ಸಂಜೆಯ ಉಡುಗೊರೆ

ಸಂಜೆ ಸುಮಾರು 5ರ ನಂತರ ಕೌಂಟರ್‌ನಲ್ಲಿ ಕೊಂಡ ಪಾಸ್ ಮರುದಿನದಿಂದ ಲೆಕ್ಕಕ್ಕೆ ಬರುತ್ತದೆ. ಆದರೆ ಅದೇ ಸಂಜೆ ಒಳಗೆ ಹೋಗಿ ಸೂರ್ಯಾಸ್ತ ನೋಡಲು ಬಿಡುತ್ತಾರೆ. ಅಂದರೆ ಒಂದು ಸಂಜೆ ಪುಕ್ಕಟೆ.

ಇದನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಏನೆಂದರೆ, ಸಮಯ ತುಂಬ ಬಿಗಿ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು 5:40ರ ಸುಮಾರಿಗೆ. ಜೂನ್‌ನಲ್ಲಿ 6:20 ದಾಟುತ್ತದೆ. ಹೆಚ್ಚಿನ ದೇವಸ್ಥಾನಗಳು ಸಂಜೆ 5:30ಕ್ಕೇ ಮುಚ್ಚುತ್ತವೆ. 7ರವರೆಗೆ ತೆರೆದಿರುವುದು ಎರಡೇ: ಫ್ನೋಮ್ ಬಖೆಂಗ್ ಮತ್ತು ಪ್ರೆ ರುಪ್. ಫ್ನೋಮ್ ಬಖೆಂಗ್ ಬೆಟ್ಟದ ಮೇಲಿದೆ. ಹತ್ತಲು ಕಾಲು ಗಂಟೆಗೂ ಜಾಸ್ತಿ ಬೇಕು. ಮೇಲೆ ಒಂದು ಸಲಕ್ಕೆ 300 ಜನರನ್ನಷ್ಟೇ ಬಿಡುತ್ತಾರೆ. ಐದರ ನಂತರ ಪಾಸ್ ಕೊಂಡು ಅಲ್ಲಿಗೆ ಓಡಿದರೆ ಕೆಳಗೆ ಸಾಲಿನಲ್ಲೇ ಸೂರ್ಯ ಮುಳುಗಿರುತ್ತಾನೆ. ಆ ಸಂಜೆಗೆ ಪ್ರೆ ರುಪ್ ವಾಸಿ. 961ರಲ್ಲಿ ರಾಜೇಂದ್ರವರ್ಮ ಕಟ್ಟಿಸಿದ ಗುಡಿ ಅದು. ಇಟ್ಟಿಗೆಯ ಗೋಪುರಗಳ ಮೇಲೆ ಸಂಜೆಯ ಕೆಂಪು ಬಿದ್ದಾಗ ನೋಡಬೇಕು. ಸೂರ್ಯ ಮುಳುಗಿದ ಮೇಲಿನ ಹದಿನೈದು ನಿಮಿಷವೇ ಅಲ್ಲಿ ಇನ್ನೂ ಚಂದ. ಚಳಿಗಾಲದಲ್ಲಿ ಅಷ್ಟಾದರೂ ಸಿಗಬೇಕಾದರೆ ಟುಕ್-ಟುಕ್ ಹೊರಗೆ ಕಾಯುತ್ತಿರಲಿ, ನೀವು ಐದಕ್ಕೇ ಕೌಂಟರ್ ಮುಂದೆ ಇರಿ.

ಹಂತ 5: ಗಾಡಿ ಗೊತ್ತು ಮಾಡಿಕೊಳ್ಳುವುದು

ಪಾಸ್‌ನಲ್ಲಿ ಸಾರಿಗೆ ಸೇರಿಲ್ಲ. ಅಂಕೋರ್ ವಾಟ್ ಪಟ್ಟಣದಿಂದ ಆರೇಳು ಕಿಲೋಮೀಟರ್. ದೇವಸ್ಥಾನಗಳ ನಡುವಿನ ದೂರವೂ ನಡೆಯುವಷ್ಟು ಹತ್ತಿರವಿಲ್ಲ.

ಚಾಲಕರ ಬಾಯಲ್ಲಿ ಎರಡು ಮಾತು ಕೇಳುತ್ತೀರಿ. ಸಣ್ಣ ಸುತ್ತು, ದೊಡ್ಡ ಸುತ್ತು. ಸಣ್ಣದು ಸುಮಾರು 17 ಕಿಲೋಮೀಟರ್: ಅಂಕೋರ್ ವಾಟ್, ಅಂಕೋರ್ ಥೋಮ್ ಒಳಗಿನ ಬಾಯೋನ್, ತಾ ಕಿಯೋ, ತಾ ಪ್ರೋಮ್, ಬಂತೆಯ್ ಕ್ಡೇ. ದೊಡ್ಡದು ಸುಮಾರು 26 ಕಿಲೋಮೀಟರ್: ಪ್ರೆಯಾ ಖಾನ್, ನೀಕ್ ಪಿಯನ್, ತಾ ಸೋಮ್, ಪೂರ್ವ ಮೆಬೋನ್, ಪ್ರೆ ರುಪ್. ಸಣ್ಣದರಲ್ಲಿ ಹೆಸರುವಾಸಿ ಗುಡಿಗಳು, ದೊಡ್ಡದರಲ್ಲಿ ನೆಮ್ಮದಿ.

ದಿನದ ಬಾಡಿಗೆಗೆ ಟುಕ್-ಟುಕ್ ತಗೊಳ್ಳುವುದು ಎಲ್ಲಕ್ಕಿಂತ ಸುಲಭ. ಸೂರ್ಯೋದಯಕ್ಕೆ ಬೇಗ ಹೊರಟರೆ, ಬಂತೆಯ್ ಸ್ರೇಯಂಥ ದೂರದ ಜಾಗಕ್ಕೆ ಹೋದರೆ ಸ್ವಲ್ಪ ಜಾಸ್ತಿ ಕೇಳುತ್ತಾರೆ. ಅದು ನ್ಯಾಯವೇ. ಹೊರಡುವ ಮುಂಚೆ ಯಾವ ಯಾವ ಜಾಗ, ಮಧ್ಯಾಹ್ನ ಹೋಟೆಲ್‌ಗೆ ವಾಪಸ್ ಇದೆಯಾ, ಒಟ್ಟು ಎಷ್ಟು ಅಂತ ಮೂರೂ ಮಾತಾಡಿಕೊಳ್ಳಿ. ಗಾಡಿ ಕರೆಯುವ ಆ್ಯಪ್‌ಗಳಾದ ಗ್ರ್ಯಾಬ್, ಪಾಸ್‌ಆ್ಯಪ್ ಎರಡೂ ಪಟ್ಟಣದಲ್ಲಿ ನಡೆಯುತ್ತವೆ, ದರದ ಅಂದಾಜಿಗೆ ಅವನ್ನು ನೋಡಬಹುದು. ಆದರೆ ದೇವಸ್ಥಾನದ ಬಾಗಿಲಲ್ಲಿ ನಿಮಗೋಸ್ಕರ ಕಾಯುವ ಮನುಷ್ಯ ಇದ್ದರೆ ದಿನ ಸಲೀಸಾಗಿ ಹೋಗುತ್ತದೆ. ಮೊದಲ ದಿನ ಒಳ್ಳೆಯವರು ಸಿಕ್ಕರೆ ಉಳಿದ ದಿನಗಳಿಗೂ ಅವರನ್ನೇ ಕರೆಯಿರಿ. ಸೈಕಲ್ ಕೂಡ ಬಾಡಿಗೆಗೆ ಸಿಗುತ್ತದೆ. ನೆಲ ಸಮತಟ್ಟು, ದಾರಿಯುದ್ದಕ್ಕೂ ಮರ. ನವೆಂಬರ್‌ನಿಂದ ಫೆಬ್ರುವರಿವರೆಗೆ ಸೈಕಲ್ ಆನಂದವೇ. ಏಪ್ರಿಲ್‌ನಲ್ಲಿ ಬೇಡವೇ ಬೇಡ.

ಹಂತ 6: ಮೊದಲ ದಿನ, ಅಂಕೋರ್ ವಾಟ್

ಅಂಕೋರ್ ವಾಟ್ ಮತ್ತು ಸ್ರಾ ಸ್ರಾಂಗ್ ಕೊಳ ಬೆಳಗ್ಗೆ 5ಕ್ಕೇ ತೆರೆಯುತ್ತವೆ. ಬಹುತೇಕ ಉಳಿದವುಗಳಿಗೆ 7:30 ಆಗಬೇಕು. ಆದ್ದರಿಂದ ಮೊದಲ ಬೆಳಗ್ಗೆ ಅಂಕೋರ್ ವಾಟ್‌ಗೇ ಸಲ್ಲಬೇಕು.

12ನೇ ಶತಮಾನದ ಮೊದಲ ಅರ್ಧದಲ್ಲಿ ಎರಡನೇ ಸೂರ್ಯವರ್ಮ ವಿಷ್ಣುವಿಗೆಂದು ಕಟ್ಟಿಸಿದ್ದು ಇದು. ಪಶ್ಚಿಮಕ್ಕೆ ಮುಖ ಮಾಡಿದೆ. ಹಾಗಾಗಿ ನೀವು ಎದುರಿಗೆ ನಿಂತರೆ ಸೂರ್ಯ ಗೋಪುರಗಳ ಹಿಂದಿನಿಂದ ಏಳುತ್ತಾನೆ. ಸೂರ್ಯೋದಯ ನೋಡುವವರೆಲ್ಲ ಒಳಗೆ ಹೋಗುವಾಗ ಎಡಕ್ಕೆ ಸಿಗುವ ಕೊಳದ ದಂಡೆಯಲ್ಲಿ ಒತ್ತೊತ್ತಾಗಿ ನಿಲ್ಲುತ್ತಾರೆ, ಅದರಲ್ಲಿ ಐದೂ ಗೋಪುರಗಳ ಪ್ರತಿಬಿಂಬ ಬೀಳುತ್ತದೆ ಅಂತ. ನೀವೂ ನೋಡಿ. ಆದರೆ ಮೋಡ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪಾಸ್‌ನ ದೊಡ್ಡ ಲಾಭ ಸೂರ್ಯ ಮೇಲೆ ಬಂದ ಮೇಲೆ ಶುರುವಾಗುತ್ತದೆ.

ಯಾಕೆಂದರೆ ಆಗ ಜನರೆಲ್ಲ ತಿಂಡಿಗೆ ಹೊರಡುತ್ತಾರೆ. ನೀವು ಹಿಂದಿನ ರಾತ್ರಿಯೇ ಹಣ್ಣು, ಬ್ರೆಡ್ಡು ಏನಾದರೂ ಚೀಲಕ್ಕೆ ಹಾಕಿಕೊಂಡಿರಿ. ಅಲ್ಲೇ ಹೊರಗೆ ತಿಂದು ನೇರ ಒಳಗೆ ನಡೆಯಿರಿ. ಮುಂದಿನ ಎರಡು ಗಂಟೆ ಆ ದೊಡ್ಡ ಗ್ಯಾಲರಿಗಳು ನಿಮ್ಮವೇ.

ಕನ್ನಡ ಓದುವ ನಮಗೆ ಅಲ್ಲಿ ಗೈಡ್ ಇಲ್ಲದೆಯೂ ಎಷ್ಟೋ ಕಥೆ ಗೊತ್ತಾಗುತ್ತದೆ. ಪಶ್ಚಿಮದ ಬಾಗಿಲಿಂದ ಒಳಗೆ ಹೋಗಿ ಬಲಕ್ಕೆ ತಿರುಗಿ. ಮೊದಲ ಗೋಡೆಯೇ ಕುರುಕ್ಷೇತ್ರ. ಎಡದಿಂದ ಕೌರವರು, ಬಲದಿಂದ ಪಾಂಡವರು ನುಗ್ಗಿ ಬಂದು ನಡುವೆ ಡಿಕ್ಕಿ ಹೊಡೆಯುತ್ತಾರೆ. ಬಾಣಗಳ ಮೇಲೆ ಮಲಗಿದ ಭೀಷ್ಮನನ್ನು ಹುಡುಕಿ. ನಾನು ಅವನನ್ನು ಕಂಡಾಗ ಸುತ್ತ ಯಾರೂ ಇರಲಿಲ್ಲ, ಬಹಳ ಹೊತ್ತು ನಿಂತೆ. ಮೂಲೆ ತಿರುಗಿದರೆ ಆನೆಗಳ ಮೇಲೆ ಸೂರ್ಯವರ್ಮನ ಮೆರವಣಿಗೆ. ಆಮೇಲೆ ಯಮನ ತೀರ್ಪು, 37 ಸ್ವರ್ಗ, 32 ನರಕ. ನರಕದ ಶಿಕ್ಷೆಗಳನ್ನು ಶಿಲ್ಪಿ ಎಷ್ಟು ಬಿಡಿಸಿ ಕೆತ್ತಿದ್ದಾನೆ ಅಂದರೆ ಮಕ್ಕಳು ಜೊತೆಗಿದ್ದರೆ ಪ್ರಶ್ನೆಗೆ ತಯಾರಾಗಿರಿ.

ಇನ್ನೊಂದು ತಿರುವು, ಪೂರ್ವದ ಗೋಡೆ. ಅಲ್ಲಿ ಸಮುದ್ರ ಮಥನ, 49 ಮೀಟರ್ ಉದ್ದ. ಒಂದು ಕಡೆ 92 ಅಸುರರು, ಇನ್ನೊಂದು ಕಡೆ 88 ದೇವತೆಗಳು ವಾಸುಕಿಯನ್ನು ಹಿಡಿದು ಎಳೆಯುತ್ತಿದ್ದಾರೆ. ನಡುವೆ ಮಂದರ ಪರ್ವತ, ಅದರ ಮುಂದೆ ವಿಷ್ಣು, ಕೆಳಗೆ ಆಮೆ. ಕೆಳಗಿನ ನೀರಲ್ಲಿ ಮೀನು, ಮೊಸಳೆಗಳು ಕಡೆಗೋಲಿನ ಸೆಳೆತಕ್ಕೆ ಸಿಕ್ಕು ತುಂಡಾಗುತ್ತಿವೆ. ದೇವತೆಗಳ ಕಡೆ ಬಾಲದ ತುದಿಯಲ್ಲಿ ಹನುಮಂತ ನಿಂತಿದ್ದಾನೆ. ನಮ್ಮಲ್ಲಿ ಕೇಳಿದ ಕಥೆಯಲ್ಲಿ ಅವನು ಅಲ್ಲಿ ಇಲ್ಲ, ಅಲ್ವಾ? ಖ್ಮೇರ್ ಜನ ಕಥೆಯನ್ನು ತಮ್ಮದೇ ಮಾಡಿಕೊಂಡ ಬಗೆ ಇದು. ಬೆಳಗಿನ ಬೆಳಕು ಈ ಗೋಡೆಗೇ ಬೀಳುವುದರಿಂದ ಇದಕ್ಕೆ ಬೆಳಗ್ಗೆಯೇ ಸರಿ. ಹಾಗೇ ಸುತ್ತುತ್ತಾ ಬಂದರೆ ಕೃಷ್ಣ ಮತ್ತು ಬಾಣಾಸುರ, ಕೊನೆಗೆ ಮತ್ತೆ ಪಶ್ಚಿಮಕ್ಕೆ ಬಂದಾಗ ಲಂಕೆಯ ಯುದ್ಧ. ಕಪಿಗಳ ಹಲ್ಲು, ಕಚ್ಚುವ ರೀತಿ, ಹತ್ತು ತಲೆಯ ರಾವಣ. ಗಮನಿಸಿ, ಈ ಇಡೀ ಸುತ್ತು ನಮ್ಮ ಪ್ರದಕ್ಷಿಣೆಗೆ ಉಲ್ಟಾ. ಅಪ್ರದಕ್ಷಿಣೆಯಾಗಿ, ಗೋಡೆಯನ್ನು ಎಡಕ್ಕೆ ಇಟ್ಟುಕೊಂಡು ನಡೆಯಬೇಕು.

ನಡುವಿನ ಎತ್ತರದ ಭಾಗಕ್ಕೆ ಬಾಕಾನ್ ಅನ್ನುತ್ತಾರೆ. ಅದಕ್ಕೆ ಪಾಸ್ ಸಾಕು, ಬೇರೆ ದುಡ್ಡಿಲ್ಲ. ಆದರೆ ನಿಯಮ ಕಟ್ಟುನಿಟ್ಟು. ಭುಜ ಮತ್ತು ಮಂಡಿ ಮುಚ್ಚುವ ಬಟ್ಟೆ ಇರಬೇಕು. ತೋಳಿಲ್ಲದ ಅಂಗಿಯ ಮೇಲೆ ಶಾಲು ಹೊದ್ದರೆ ಒಪ್ಪುವುದಿಲ್ಲ. ಮೇಲೆ ಒಂದು ಸಲಕ್ಕೆ 100 ಜನ ಮಾತ್ರ. 12 ವರ್ಷದೊಳಗಿನ ಮಕ್ಕಳನ್ನು, ಗರ್ಭಿಣಿಯರನ್ನು ಬಿಡುವುದಿಲ್ಲ, ಮೆಟ್ಟಿಲು ಅಷ್ಟು ಕಡಿದು. ಬೌದ್ಧರ ಪವಿತ್ರ ದಿನಗಳಲ್ಲಿ ಬಾಕಾನ್ ಮುಚ್ಚಿರುತ್ತದೆ. ಅವು ಚಂದ್ರನ ಲೆಕ್ಕದಲ್ಲಿ ತಿಂಗಳಿಗೆ ನಾಲ್ಕು ಸಲ ಬರುತ್ತವೆ. ಹೋಟೆಲ್‌ನಲ್ಲಿ ಹಿಂದಿನ ದಿನವೇ ಕೇಳಿಕೊಳ್ಳಿ. ಮೂರು ದಿನದ ಪಾಸ್ ಇದ್ದರೆ ಇನ್ನೊಂದು ದಿನ ಬಂದರಾಯಿತು, ಒಂದು ದಿನದ ಪಾಸ್ ಇದ್ದರೆ ಅಲ್ಲಿಗೆ ಮುಗಿಯಿತು.

ಹತ್ತು, ಹತ್ತೂವರೆಗೆ ಹೊರಗೆ ಬನ್ನಿ. ಹೋಟೆಲ್‌ಗೆ ಹೋಗಿ, ಊಟ ಮಾಡಿ, ಮಲಗಿ. "ಇಷ್ಟು ದುಡ್ಡು ಕೊಟ್ಟು ಮಲಗುವುದಾ" ಅನ್ನಿಸಬಹುದು. ಮಲಗಿ. ಆ ಬಿಸಿಲಿನಲ್ಲಿ ಸುತ್ತಿದರೆ ಸಂಜೆಗೆ ನಿಮ್ಮಲ್ಲಿ ಏನೂ ಉಳಿಯುವುದಿಲ್ಲ.

ಮೂರೂವರೆಗೆ ಮತ್ತೆ ಹೊರಟು ಅಂಕೋರ್ ಥೋಮ್ ಸೇರಿ. "ಥೋಮ್" ಅಂದರೆ ದೊಡ್ಡದು. ಪ್ರತಿ ಬದಿ ಸುಮಾರು 3 ಕಿಲೋಮೀಟರ್ ಗೋಡೆ, ಐದು ಬಾಗಿಲು. ಏಳನೇ ಜಯವರ್ಮ 12ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಕೋಟೆ ಪಟ್ಟಣ. ದಕ್ಷಿಣದ ಬಾಗಿಲ ಮುಂದೆ ಗಾಡಿ ನಿಲ್ಲಿಸಿ ನಡೆದೇ ದಾಟಿ. ಸೇತುವೆಯ ಒಂದು ಬದಿ 54 ದೇವತೆಗಳು, ಇನ್ನೊಂದು ಬದಿ 54 ಅಸುರರು, ಕೈಯಲ್ಲಿ ಹಾವು. ಬೆಳಗ್ಗೆ ಗೋಡೆಯ ಮೇಲೆ ನೋಡಿದ ಅದೇ ಮಥನ ಇಲ್ಲಿ ಆಳೆತ್ತರಕ್ಕೂ ಮೀರಿ ನಿಂತಿದೆ. ಒಳಗೆ ನಟ್ಟ ನಡುವೆ ಬಾಯೋನ್. ಸುಮಾರು 200 ಮುಖಗಳು ನಾಲ್ಕೂ ದಿಕ್ಕಿಗೆ ನಸುನಗುತ್ತಿವೆ. ಮುಖಗಳ ಗುಂಗಿನಲ್ಲಿ ಹೊರಗಿನ ಗೋಡೆಯನ್ನು ಬಿಟ್ಟುಬಿಡಬೇಡಿ. ದೇವರು, ಅರಸರು ಮಾತ್ರವಲ್ಲದೆ ಮಾಮೂಲಿ ಜನ ಅಲ್ಲಿದ್ದಾರೆ. ಸಂತೆ, ಕೋಳಿ ಜಗಳ, ಅಡುಗೆ, ಹೆರಿಗೆ, ನೆರೆಯ ಚಂಪಾ ರಾಜ್ಯದ ಚಾಮ್ ಜನರ ಜೊತೆ ದೋಣಿ ಯುದ್ಧ. ನನಗೆ ಇಡೀ ಅಂಕೋರ್‌ನಲ್ಲಿ ತುಂಬ ಆಪ್ತ ಅನ್ನಿಸಿದ ಗೋಡೆ ಅದು.

ಹಂತ 7: ಬಿಡುವಿನ ದಿನ

ಮರುದಿನ ಪಾಸ್ ಮುಟ್ಟಬೇಡಿ. ಬೇಕಾದರೆ ಪಟ್ಟಣದ ಅಂಕೋರ್ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅದು ಈ ಪಾಸ್‌ನಲ್ಲಿ ಸೇರಿಲ್ಲ, ಬೇರೆ ಟಿಕೆಟ್. ಆದರೆ ಒಂದು ದಿನ ದೇವಸ್ಥಾನ ನೋಡಿದ ಮೇಲೆ ಅಲ್ಲಿನ ಶಿಲ್ಪಗಳು ಅರ್ಥವಾಗುವ ರೀತಿಯೇ ಬೇರೆ.

ಹಂತ 8: ಎರಡನೇ ದಿನ, ಬೇರುಗಳ ನಡುವೆ

7:30ಕ್ಕೆ ಸರಿಯಾಗಿ ತಾ ಪ್ರೋಮ್ ಬಾಗಿಲಲ್ಲಿ ಇರಿ. ಒಂಬತ್ತಾದರೆ ಬಸ್ಸುಗಳು ಬರುತ್ತವೆ, ಆಮೇಲೆ ಪ್ರತಿ ಮರದ ಮುಂದೆಯೂ ಸಾಲು. ಏಳನೇ ಜಯವರ್ಮ ತನ್ನ ತಾಯಿಯ ನೆನಪಿಗೆ ಕಟ್ಟಿಸಿದ ಮಠ ಇದು. 1186ರ ಶಾಸನದಲ್ಲಿ ಇಲ್ಲಿದ್ದವರ ಲೆಕ್ಕವೇ ಇದೆ, ಅದರಲ್ಲಿ 615 ಜನ ನರ್ತಕಿಯರು. ಇವತ್ತು ಗೋಡೆಗಳನ್ನು ಅಪ್ಪಿಕೊಂಡಿರುವುದು ದೊಡ್ಡ ಮರಗಳ ಬೇರು. ಇಲ್ಲಿನ ಜೀರ್ಣೋದ್ಧಾರದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಕೆಲಸ ಮಾಡಿದೆ. ಬಿದ್ದ ಕಲ್ಲುಗಳ ರಾಶಿಯ ಪಕ್ಕ ಕೂಡಿಸಿ ಎತ್ತಿದ ಮಂಟಪ ಕಂಡರೆ ಆ ಕೆಲಸ ಎಷ್ಟು ತಾಳ್ಮೆಯದ್ದು ಅಂತ ಗೊತ್ತಾಗುತ್ತದೆ.

ಅಲ್ಲಿಂದ ದೊಡ್ಡ ಸುತ್ತು ಹಿಡಿಯಿರಿ. ತಂದೆಯ ನೆನಪಿಗೆ ಅದೇ ಅರಸ ಕಟ್ಟಿಸಿದ ಪ್ರೆಯಾ ಖಾನ್ ನನ್ನ ಮೆಚ್ಚಿನದು. ಬೇರುಗಳು ಇಲ್ಲೂ ಇವೆ, ಜನ ಇಲ್ಲ. ಒಂದು ಬಾಗಿಲಲ್ಲಿ ಇಳಿದು, ಉದ್ದಕ್ಕೆ ನಡೆದು, ಇನ್ನೊಂದು ಬಾಗಿಲಲ್ಲಿ ಹೊರಗೆ ಬರುತ್ತೇವೆ, ಅಲ್ಲಿ ಕಾಯಿರಿ ಅಂತ ಚಾಲಕನಿಗೆ ಹೇಳಿ. ಬಂದ ದಾರಿಯಲ್ಲೇ ವಾಪಸ್ ನಡೆಯುವ ಶ್ರಮ ಉಳಿಯುತ್ತದೆ. ನೀಕ್ ಪಿಯನ್‌ಗೆ ನೀರಿನ ಮೇಲಿನ ಮರದ ಹಾದಿ, ಮಳೆಗಾಲದ ನಂತರ ಚಂದ. ತಾ ಸೋಮ್ ಚಿಕ್ಕದು, ಅರ್ಧ ಗಂಟೆ ಸಾಕು. ಪೂರ್ವ ಮೆಬೋನ್‌ನ ಮೂಲೆಗಳಲ್ಲಿ ಕಲ್ಲಿನ ಆನೆಗಳಿವೆ. ಸುತ್ತ ಈಗ ಗದ್ದೆ, ಆಗ ದೊಡ್ಡ ಕೆರೆ.

ಹಂತ 9: ಮೂರನೇ ದಿನ, ಬಂತೆಯ್ ಸ್ರೇ

ಪಟ್ಟಣದಿಂದ ಸುಮಾರು 35 ಕಿಲೋಮೀಟರ್. ಟುಕ್-ಟುಕ್‌ನಲ್ಲಿ ಒಂದು ಗಂಟೆಗೂ ಜಾಸ್ತಿ, ಧೂಳಿಗೆ ಮುಖಕ್ಕೊಂದು ಬಟ್ಟೆ ಇರಲಿ. 967ರಲ್ಲಿ ಪ್ರತಿಷ್ಠೆಯಾದ ಈ ಶಿವನ ಗುಡಿಯನ್ನು ಕಟ್ಟಿಸಿದ್ದು ಅರಸನಲ್ಲ. ಯಜ್ಞವರಾಹ ಎಂಬ ರಾಜಗುರು. ಗುಡಿ ಪುಟ್ಟದು. ಕಲ್ಲಿಗೆ ಗುಲಾಬಿ ಬಣ್ಣ. ಕೆತ್ತನೆ ಮರದ ಮೇಲೆ ಕೊರೆದಷ್ಟು ಸೂಕ್ಷ್ಮ. ಕೈಲಾಸವನ್ನು ಅಲುಗಿಸುವ ರಾವಣ, ಶಿವನಿಗೆ ಬಾಣ ಬಿಡುವ ಕಾಮ, ಖಾಂಡವ ವನದ ಮೇಲೆ ಇಂದ್ರ ಸುರಿಸುವ ಮಳೆ, ವಾಲಿ ಸುಗ್ರೀವರ ಕಾಳಗ. ಮಳೆಯ ಗೆರೆಗಳನ್ನು ಕಲ್ಲಿನಲ್ಲಿ ಓರೆಯಾಗಿ ಎಳೆದ ಆ ಶಿಲ್ಪಿಯ ಕೈಗೆ ಮನಸ್ಸು ಸೋಲುತ್ತದೆ. ಒಳಗಿನ ಗುಡಿಗಳ ಸುತ್ತ ಹಗ್ಗ ಕಟ್ಟಿರುತ್ತಾರೆ, ಒಂದು ಸಣ್ಣ ದುರ್ಬೀನು ಇದ್ದರೆ ತುಂಬ ಉಪಯೋಗ. ಇಲ್ಲಿಗೆ ಬೆಳಗ್ಗೆ ಬೇಗ ಬನ್ನಿ, ಜಾಗ ಚಿಕ್ಕದಾದ್ದರಿಂದ ಎರಡು ಬಸ್ಸಿನ ಜನ ಬಂದರೂ ತುಂಬಿಹೋಗುತ್ತದೆ.

ಸಂಜೆಗೆ ಅಂಕೋರ್ ವಾಟ್‌ಗೆ ಮತ್ತೊಮ್ಮೆ ಹೋಗಿ. ಪಾಸ್ ಹೇಗೂ ಆ ದಿನಕ್ಕೆ ಇದೆ. ಪಶ್ಚಿಮದ ಬಿಸಿಲು ಎದುರಿನಿಂದ ಬೀಳುವಾಗ ಗೋಪುರಗಳಿಗೆ ಹೊಂಬಣ್ಣ ಬರುತ್ತದೆ, ಕುರುಕ್ಷೇತ್ರದ ಗೋಡೆಗೂ ಬೆಳಕು ಬೀಳುತ್ತದೆ. ಒಳ್ಳೆಯ ಫೋಟೋ ಸಿಗುವುದು ಆಗಲೇ.

ಪಾಸ್‌ನಲ್ಲಿ ಏನಿದೆ, ಏನಿಲ್ಲ

ಫ್ನೋಮ್ ಕುಲೆನ್ ಬೆಟ್ಟಕ್ಕೆ ಮತ್ತು ಕೊಹ್ ಕೇರ್‌ಗೆ ಬೇರೆ ಟಿಕೆಟ್. ತೋನ್ಲೆ ಸಾಪ್ ಸರೋವರದ ದೋಣಿಗೂ ಬೇರೆ. ಗೈಡ್‌ಗೂ ಬೇರೆ. ರೊಲುವೋಸ್ ಗುಂಪಿನ ಗುಡಿಗಳು ಪಾಸ್‌ನಲ್ಲೇ ಇವೆ. ಕಾಡಿನೊಳಗೆ ಕುಸಿದು ಬಿದ್ದಿರುವ ಬೆಂಗ್ ಮೆಲಿಯಾಗೆ ಮುಂಚೆ ಬೇರೆ ಟಿಕೆಟ್ ಇತ್ತು, ಈಗ ಇದೇ ಪಾಸ್ ಸಾಕು.

ಪಾಸ್ ಯಾವಾಗಲೂ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ದೊಡ್ಡ ಗುಡಿಗಳ ಬಾಗಿಲಲ್ಲೆಲ್ಲ ನೋಡುತ್ತಾರೆ. ಒಳಗಿನ ಶೌಚಾಲಯಗಳಿಗೂ ಪಾಸ್ ತೋರಿಸಿದರೆ ಸಾಕು, ದುಡ್ಡು ಬೇಕಿಲ್ಲ. ಕುತ್ತಿಗೆಗೆ ಹಾಕುವ ಒಂದು ಪ್ಲಾಸ್ಟಿಕ್ ಕವರ್ ಇದ್ದರೆ ಬೆವರು, ಮಳೆ ಎರಡರಿಂದಲೂ ಕಾಗದ ಉಳಿಯುತ್ತದೆ. ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಕೆತ್ತನೆಯನ್ನು ಮುಟ್ಟಬೇಡಿ. ಅಂಕೋರ್ ವಾಟ್‌ನ ಕೆಲವು ಗೋಡೆಗಳು ನುಣ್ಣಗೆ ಕಪ್ಪಾಗಿ ಹೊಳೆಯುವುದು ಅಷ್ಟು ಕೈಗಳು ಸವರಿದ್ದರಿಂದಲೂ ಇರಬಹುದು ಅನ್ನುತ್ತಾರೆ.

ಏಳು ದಿನದ ಪಾಸ್ ಇರುವವರಿಗೆ

ಇದೇ ಕ್ರಮಕ್ಕೆ ಎರಡು ಹಗಲು ಸೇರಿಸಿ. ಒಂದು ರೊಲುವೋಸ್‌ಗೆ. ಅಲ್ಲಿನ ಬಾಕೋಂಗ್ ಅನ್ನು ಇಂದ್ರವರ್ಮ 881ರಲ್ಲಿ ಪ್ರತಿಷ್ಠೆ ಮಾಡಿಸಿದ. ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲ್ಲಿನ ಗುಡಿಯ ಮಾದರಿ ಅಲ್ಲಿ ದೊಡ್ಡದಾಗಿ ಕಾಣುತ್ತದೆ, ಅಂಕೋರ್ ವಾಟ್‌ಗಿಂತ ಎರಡು ಶತಮಾನಕ್ಕೂ ಮುಂಚೆ. ಅರ್ಧ ದಿನ ಸಾಕು.

ಇನ್ನೊಂದು ಕ್ಬಾಲ್ ಸ್ಪಿಯನ್‌ಗೆ. ಬಂತೆಯ್ ಸ್ರೇಯಿಂದ ಇನ್ನೂ ಮುಂದೆ, ಪಟ್ಟಣದಿಂದ ಸುಮಾರು 50 ಕಿಲೋಮೀಟರ್. ಕಾಡಿನಲ್ಲಿ ಒಂದೂವರೆ ಕಿಲೋಮೀಟರ್ ಏರುದಾರಿ ನಡೆಯಬೇಕು. ಮೇಲೆ ಹೊಳೆಯ ತಳದ ಬಂಡೆಯಲ್ಲೇ ಸಾಲು ಸಾಲು ಲಿಂಗಗಳು, ಶೇಷನ ಮೇಲೆ ಮಲಗಿದ ವಿಷ್ಣು. ನೀರು ಅವುಗಳ ಮೇಲೆ ಹರಿದು ಕೆಳಗಿನ ಬಯಲಿಗೆ ಇಳಿಯುತ್ತದೆ. ಮಧ್ಯಾಹ್ನ 3ರ ಮೇಲೆ ಹತ್ತಲು ಬಿಡುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿರುತ್ತದೆ, ಮಳೆ ಜೋರಾದಾಗ ನೀರಿನಡಿ ಏನೂ ಕಾಣುವುದಿಲ್ಲ. ಮಳೆ ನಿಂತು ನೀರು ತಿಳಿಯಾದ ಮೇಲೆ, ನವೆಂಬರ್ ಡಿಸೆಂಬರ್ ಹೊತ್ತಿಗೆ ಹೋಗಿ. ಹಿಡಿತ ಇರುವ ಚಪ್ಪಲಿ, ಇಬ್ಬರಿಗೆ ಎರಡು ಲೀಟರ್ ನೀರು, ಬೆಳಗ್ಗೆ ಎಂಟಕ್ಕೆ ಬೆಟ್ಟದ ಬುಡ.